ಬಸಮ್ಮ ಹೊಲಿದ ಚೀಟಿ

ಗರ್ರ್ ಎಂದು ಹೊಲಿಗೆ ಮೆಷಿನ್ನು ಚೀಲದ ಬಾಯಿಯ ಮೇಲೆ ಈ ತುದಿಯಿಂದ ಆ ತುದಿಗೆ ಓಡುತ್ತಿತ್ತು. ಕೊನೆಗೆ ದಾರ ಕತ್ತರಿಸಿದ ಟಕ್ ಸದ್ದು. ಮತ್ತೆ ಗರ್ರ್, ಮತ್ತೆ ಟಕ್. ಗಾಜಿನ ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕೂತ ಫಯಾಜ್, ಮೆಷಿನ್ ಯಾರ ಕೈಯಲ್ಲಿದೆ ಎಂಬುದನ್ನು ತಲೆ ಎತ್ತದೆಯೇ ಹೇಳಬಲ್ಲವನಾಗಿದ್ದ. ಬೇರೆಯವರ ಕೈಯಲ್ಲಿ ಆ ಗರ್ರ್ ನಡುವೆ ಎಲ್ಲೋ ಒಮ್ಮೆ ತೊದಲುತ್ತಿತ್ತು. ಬಸಮ್ಮನ ಕೈಯಲ್ಲಿ ಅದು ಒಂದೇ ಉಸಿರು.

ಚಿಕ್ಕಮಗಳೂರಿನ ಅಂಚಿನಲ್ಲಿರುವ ಆ ಕಾಫಿ ಕ್ಯೂರಿಂಗ್ ವರ್ಕ್ಸ್‌ಗೆ ಬಸಮ್ಮ ಬಂದದ್ದು ಮದುವೆಯಾದ ಹೊಸತರಲ್ಲಿ. ಗಂಡ ಮಂಜಯ್ಯ ಅಲ್ಲೇ ಮೂಟೆ ಹೊರುತ್ತಿದ್ದ. ಆಗ ಉದ್ದನೆಯ ಹಾಲ್‌ನಲ್ಲಿ ಹೆಂಗಸರು ಸಾಲಾಗಿ ಕೂತು ಕಾಫಿ ಬೀಜ ಆರಿಸುತ್ತಿದ್ದರು. ಕಪ್ಪು ಬೀಜ ಒಂದು ಕಡೆ, ಒಡೆದದ್ದು ಒಂದು ಕಡೆ, ಒಳ್ಳೆಯದು ಮಡಿಲ ಮುಂದೆ. ಹಾಡು, ಜಗಳ, ಬಸಿರು, ಬಾಣಂತನ ಎಲ್ಲ ಆ ಸಾಲಿನಲ್ಲೇ ಆಗಿಹೋಗುತ್ತಿದ್ದವು. ಮುಂದೆ ಬಣ್ಣ ನೋಡಿ ಬೀಜ ಬೇರ್ಪಡಿಸುವ ಯಂತ್ರ ಬಂತು. ಸಾಲು ಕರಗಿತು. ಉಳಿದುಕೊಂಡ ಕೆಲವರಲ್ಲಿ ಬಸಮ್ಮನೂ ಒಬ್ಬಳು. ಅವಳಿಗೆ ಸೂಜಿ ದಾರ ಕೊಟ್ಟು ಚೀಲ ಹೊಲಿಯಲು ಕೂರಿಸಿದರು. ಸೂಜಿ ಹೋಗಿ, ಮೇಲಿನಿಂದ ಸ್ಪ್ರಿಂಗಿನಲ್ಲಿ ತೂಗುವ ಹೊಲಿಗೆ ಮೆಷಿನ್ನು ಬಂದಾಗ, ಅದನ್ನು ಮೊದಲು ಹಿಡಿದವಳೂ ಅವಳೇ. ಹಿಡಿದ ದಿನ ಅದಕ್ಕೆ ಅರಿಶಿನ ಕುಂಕುಮ ಇಟ್ಟಳು. ಮಂಜಯ್ಯನ ಸೊಂಟ ಮೂಟೆಗಳ ಕೆಳಗೆ ಕುಸಿದು ಅವನು ಉಪ್ಪಳ್ಳಿಯ ಮನೆಯ ಜಗಲಿಗೆ ಸೇರಿದ ಮೇಲೆ, ಆ ಮನೆಯ ಒಲೆ ಉರಿಯುತ್ತಿದ್ದದ್ದು ಈ ಗರ್ರ್ ಸದ್ದಿನಿಂದ. ಅದು ಅವಳಿಗೆ ಗೊತ್ತಿತ್ತು. ಆದರೆ ಅವಳು ಮೆಷಿನ್ನನ್ನು ಹಿಡಿಯುತ್ತಿದ್ದ ರೀತಿ ಹೊಟ್ಟೆಪಾಡಿನದಾಗಿ ಕಾಣುತ್ತಿರಲಿಲ್ಲ. ತೊಟ್ಟಿಲು ತೂಗುವವಳ ಕೈ ಅದು.

ಫಯಾಜ್ ಆಲ್ದೂರಿನವನು. ಅವನಪ್ಪ ಅಬ್ದುಲ್ ವಹಾಬ್ ಎಸ್ಟೇಟುಗಳಲ್ಲಿ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ರಿಪೇರಿ ಮಾಡುತ್ತ ಮಕ್ಕಳನ್ನು ಓದಿಸಿದವರು. ಡಿಪ್ಲೊಮಾ ಮುಗಿಸಿ ವರ್ಕ್ಸ್‌ನ ತೂಕದ ಕಟ್ಟೆಗೆ ಸೇರಿದ ಫಯಾಜ್, ಕ್ಯಾಮೆರಾ ಬಂದ ಮೇಲೆ ಗಾಜಿನ ಕೋಣೆಗೆ ಬಡ್ತಿ ಪಡೆದ. ಮಧ್ಯಾಹ್ನ ಬಸಮ್ಮ ಬುತ್ತಿ ಬಿಚ್ಚಿದಳೆಂದರೆ ಒಂದು ಅಕ್ಕಿರೊಟ್ಟಿ ಅವನ ಪಾಲಿಗೆ ಇದ್ದೇ ಇರುತ್ತಿತ್ತು.

ಕ್ಯಾಮೆರಾ ಬಂದದ್ದು ಈ ಸೀಸನ್ನಿಗೆ. ಗೋಣಿಬೀಡು, ಆಲ್ದೂರು, ಕಳಸದ ಡಿಪೋಗಳಿಂದ ಲಾರಿಯಲ್ಲಿ ಬಂದ, ಇನ್ನೂ ಹೊಟ್ಟು ಬಿಡಿಸದ ಪಾರ್ಚ್‌ಮೆಂಟ್ ಕಾಫಿಯ ಚೀಲಗಳು ತೂಕದ ಕಟ್ಟೆಯಲ್ಲಿ ನಿಲ್ಲುತ್ತವೆ. ಅಲ್ಲಿ ಪ್ರಿಂಟರು ಬೆಳೆಗಾರರ ಹೆಸರಿಗೆ ಸೇರಿದ ಬಾರ್‌ಕೋಡ್ ಚೀಟಿ ಉಗುಳುತ್ತದೆ. ಚೀಟಿಯನ್ನು ಚೀಲದ ಬಾಯಿಗೆ ಇಟ್ಟು ಹೊಲಿಯುವುದು ಬಸಮ್ಮನ ಕೆಲಸ. ಹೊಲಿದ ಚೀಲ ಬೆಲ್ಟಿನ ಮೇಲೆ ಅಂಗಾತ ಮಲಗಿ, ತಳ ಮುಂದಾಗಿ, ಕ್ಯಾಮೆರಾದ ಕೆಳಗೆ ಹಾಯುತ್ತದೆ. ಅಲ್ಲಿಂದ ಮುಂದೆ ಒಂದು ಉಕ್ಕಿನ ಮುಳ್ಳು ಅದನ್ನು ಚುಚ್ಚಿ ತೇವ ಎಷ್ಟಿದೆ ನೋಡುತ್ತದೆ. ಚೀಟಿಯ ಹೆಸರು, ಮುಳ್ಳು ಹೇಳಿದ ತೇವ, ಎರಡೂ ಜೋಡಿಯಾಗಿ ಫಯಾಜ್‌ನ ಪರದೆಗೆ ಬರುತ್ತವೆ. ಸರಿಯಾದ ಚೀಟಿ ಒಂದೂ ಕಾಣದಿದ್ದರೆ ಟೀಂಯ್ ಎಂದು ಬಜರ್ ಕಿರುಚಿ ಬೆಲ್ಟ್ ನಿಲ್ಲುತ್ತದೆ.

"ಅಲ್ಲ ಫಯಾಜು, ಇದು ನನ್ ಚೀಟಿನೇ ಅಂತ ನಿನ್ ಕ್ಯಾಮೆರಾಕ್ಕೆ ಹೆಂಗ್ ಗೊತ್ತಾಗ್ತದೆ ಮಾರಾಯ?" ಎಂದು ಬಸಮ್ಮ ಒಂದು ದಿನ ರೊಟ್ಟಿ ಮುರಿಯುತ್ತ ಕೇಳಿದ್ದಳು.

"ನಾನು ಹೇಳಿಕೊಟ್ಟಿದೀನಲ್ಲ ಬಸಮ್ಮಕ್ಕ. ಮೊದಲು ಎರಡು ಅಕ್ಷರ ಇರಬೇಕು, ಅದು ಡಿಪೋದ್ದು. ಆಮೇಲೆ ಈ ವರ್ಷದ ಅಂಕೆ. ಆಮೇಲೆ ಬೆಳೆಗಾರರ ನಂಬರು. ಹಿಂಗೇ ಇರೋ ಚೀಟಿನ ಮಾತ್ರ ಒಳಗೆ ಬಿಡು, ಬೇರೆ ಎಂತ ಕಂಡ್ರೂ ಕಂಡಿಲ್ಲ ಅನ್ಕೋ ಅಂತ ಹೇಳಿದೀನಿ. ಅದಕ್ಕೆ ರೆಗ್ಯುಲರ್ ಎಕ್ಸ್‌ಪ್ರೆಶನ್ ಅಂತಾರೆ."

"ಮದುವೆ ಮನೆ ಬಾಗಿಲಲ್ಲಿ ನಿಂತು ಬೀಗರನ್ನ ಮಾತ್ರ ಒಳಗೆ ಬಿಡೋರ ಹಂಗೆ."

"ಹಂಗೇ."

"ನೀನು ಹೇಳಿಕೊಟ್ಟಿದ್ದು ತಪ್ಪಾದ್ರೆ?"

"ತಪ್ಪಾದ್ರೆ ಬಜರ್ ಹೊಡ್ಕೊಳ್ತದಲ್ಲ!" ಎಂದು ಅವನು ನಕ್ಕಿದ್ದ.

ಯಂತ್ರಕ್ಕೆ ಹಾಗೆ ಹೇಳುವ ಸಾಲನ್ನು ಬರೆಯಲು ಅವನಿಗೆ ಹೇಳಿಕೊಟ್ಟವರು ಯಂತ್ರ ಕೂರಿಸಲು ಬಂದ ಕಂಪನಿಯವರು. ಒಂದೇ ಒಂದು ಸಾಲು. ಕಂಸಗಳು, ಅಡ್ಡಗೆರೆಗಳು, ಮೊದಲಿಗೊಂದು ಟೊಪ್ಪಿಯಂಥ ಗುರುತು, ಕೊನೆಗೊಂದು ಡಾಲರ್ ಗುರುತು. ಆದರೂ ಫಯಾಜ್‌ಗೆ ಅದರ ಮೇಲೆ ಒಂಥರಾ ಮೋಹ. ರಾತ್ರಿ ಹೆಂಡತಿ ಅಫ್ರೀನ್‌ಗೆ ಅದನ್ನು ಬರೆದು ತೋರಿಸಿದ್ದ. ಅವಳು ಇದೇನು ಇರುವೆ ನಡೆದ ಹಾಗಿದೆ ಎಂದು ಹೇಳಿ ಬೆನ್ನು ತಿರುಗಿಸಿ ಮಲಗಿದ್ದಳು.

ಜನವರಿ ಕೊನೆಗೆ ಒಂದು ಸಂಜೆ ಬಜರ್ ಬಾಯಿ ಮುಚ್ಚಲೇ ಇಲ್ಲ. ಹೋದ ವರ್ಷ ಮಾರಾಟವಾಗದೆ ಗೋಡೌನಿನಲ್ಲಿ ಉಳಿದಿದ್ದ ಚೀಲಗಳನ್ನು ಅವತ್ತು ಬೆಲ್ಟಿಗೆ ಹಾಕಿದ್ದರು. ಹಳೆಯ ಚೀಟಿಗಳಲ್ಲಿ ವರ್ಷದ ಅಂಕೆಯೇ ಇರಲಿಲ್ಲ. ಈ ವರ್ಷವಷ್ಟೇ ಅದನ್ನು ಸೇರಿಸಿದ್ದರು. ಪ್ರತಿ ಚೀಲಕ್ಕೂ ಟೀಂಯ್. ಪ್ರತಿ ಟೀಂಯ್‌ಗೂ ಬೆಲ್ಟ್ ನಿಲ್ಲುವುದು. ಹೊರಗೆ ಲಾರಿಗಳ ಸಾಲು. ಮ್ಯಾನೇಜರ್ ಶಾಂತವೀರಪ್ಪ ಗಾಜಿನ ಬಾಗಿಲನ್ನು ಕಾಲಿನಿಂದ ದೂಡಿಕೊಂಡು ಒಳಗೆ ಬಂದರು.

"ಎಂತ ನಾಟಕ ಇದು? ನಿಮ್ಮಪ್ಪ ಪಲ್ಪರ್ ರಿಪೇರಿ ಮಾಡಿದ ಹಂಗೆ ಸುತ್ತಿಗೆ ತಗೊಂಡು ಹೊಡೀಲಾ ಇದಕ್ಕೆ?"

"ಹಳೇ ಚೀಟಿ ಸಾರ್. ವರ್ಷ ಇಲ್ಲ ಅದ್ರಲ್ಲಿ."

"ಇದ್ರೂ ಸರಿ, ಇಲ್ದಿದ್ರೂ ಸರಿ ಅಂತ ಹೇಳೋ ಅದಕ್ಕೆ!"

ಹಾಗೆ ಹೇಳಲು ಬರುತ್ತಿತ್ತು. ಒಂದು ಪ್ರಶ್ನಾರ್ಥಕ ಚಿಹ್ನೆ ಸಾಕು. ವರ್ಷದ ಅಂಕೆಯ ಪಕ್ಕದಲ್ಲಿ ಅದನ್ನು ಕೂರಿಸಿದರೆ, ಆ ಭಾಗ ಇದ್ದರೂ ಸರಿ, ಇಲ್ಲದಿದ್ದರೂ ಸರಿ ಎಂದು ಯಂತ್ರ ತಿಳಿದುಕೊಳ್ಳುತ್ತದೆ. ಫಯಾಜ್ ಕೂರಿಸಿದ. ಬಜರ್ ಬಾಯಿ ಮುಚ್ಚಿತು. ಶಾಂತವೀರಪ್ಪನವರು ಅವನ ಬೆನ್ನು ತಟ್ಟಿ, ಎಲ್ಲರಿಗೂ ಕಾಫಿ ತರಿಸಿದರು. ಬಸಮ್ಮ ಅಷ್ಟು ದೂರದಿಂದ ಲೋಟ ಎತ್ತಿ ತೋರಿಸಿದಳು. ಫಯಾಜ್‌ನೂ ಎತ್ತಿ ತೋರಿಸಿದ.

ಹಳೆಯ ಚೀಲಗಳು ಖಾಲಿಯಾದವು. ಪ್ರಶ್ನಾರ್ಥಕ ಚಿಹ್ನೆ ಅಲ್ಲೇ ಉಳಿಯಿತು.

ಈ ಕಡೆಯ ಕಾಫಿ ಚೀಲಕ್ಕೆ ಒಂದು ಪದ್ಧತಿಯಿದೆ. ಚೀಲಗಳು ವರ್ಕ್ಸ್‌ನವು. ಸುಗ್ಗಿಗೆ ಮುಂಚೆ ಖಾಲಿ ಚೀಲಗಳು ಬೆಳೆಗಾರರ ಮನೆಗೆ ಹೋಗುತ್ತವೆ, ತುಂಬಿಕೊಂಡು ಬರುತ್ತವೆ, ಮರುವರ್ಷ ಇನ್ನಾರದೋ ಮನೆಗೆ ಹೋಗುತ್ತವೆ. ಹೋದ ವರ್ಷದವರೆಗೆ, ಚೀಲ ಖಾಲಿಯಾಗಿ ಹೋಗುವಾಗಲೇ ಅದರ ತಳದ ಮೂಲೆಗೆ ಆ ಬೆಳೆಗಾರರ ನಂಬರಿನ ಒಂದು ಬಾರ್‌ಕೋಡ್ ಚೀಟಿ ಹೊಲಿದು ಕಳಿಸುತ್ತಿದ್ದರು. ಆ ಚೀಟಿಯನ್ನು ಯಾರೂ ಕೀಳುವುದಿಲ್ಲ. ತಳದ ಚೀಟಿ ಇಲ್ಲದ ಚೀಲ ಕದ್ದ ಚೀಲವೆಂದು ಲೆಕ್ಕ. ಹಿಡಿದು ತಂದವನು ಡಿಪೋದಲ್ಲಿ ತಲೆತಗ್ಗಿಸಿ ನಿಲ್ಲಬೇಕು. ಹಾಗಾಗಿ ಮಳೆಯಲ್ಲಿ ಮಾಸಿದರೂ, ಇಲಿ ಕಚ್ಚಿದರೂ, ಅದನ್ನು ಜೋಪಾನ ಮಾಡುತ್ತಾರೆ. ಹೊಸದಾಗಿ ಕೆಲಸಕ್ಕೆ ಸೇರಿದ ಅರ್ಚನಾ ಒಮ್ಮೆ ಅಂಥ ಚೀಟಿಗೆ ಕತ್ತರಿ ಹಾಕಲು ಹೋದಾಗ ಬಸಮ್ಮ ಅವಳ ಕೈಗೆ ಫಟ್ಟನೆ ಹೊಡೆದಿದ್ದಳು.

"ಅದನ್ನ ಮುಟ್ಬೇಡ ಹುಡುಗಿ! ಅದು ಚೀಲದ ತಾಳಿ."

ಮೊದಲೆಲ್ಲ ಕ್ಯಾಮೆರಾ ತಳದ ಹಳೇ ಚೀಟಿಯನ್ನು ಕಂಡರೂ, ವರ್ಷದ ಅಂಕೆ ಇಲ್ಲವೆಂದು ಕಂಡಿಲ್ಲದಂತೆ ಬಿಟ್ಟು, ಬಾಯಿಯ ಹೊಸ ಚೀಟಿಗೆ ಕಾಯುತ್ತಿತ್ತು. ಪ್ರಶ್ನಾರ್ಥಕ ಚಿಹ್ನೆ ಬಂದ ಮೇಲೆ ಕಾಯುವುದನ್ನು ಬಿಟ್ಟಿತು. ತಳವೇ ಮುಂದಾಗಿ ಬರುವ ಚೀಲದಲ್ಲಿ ಮೊದಲು ಕಂಡದ್ದು ಹಳೇ ಚೀಟಿ, ಅದನ್ನೇ ಒಪ್ಪಿಕೊಂಡಿತು. ಬಜರ್ ಹೊಡೆಯಲಿಲ್ಲ. ಹೋದ ವರ್ಷ ಆ ಚೀಲ ಯಾರ ಮನೆಯಲ್ಲಿತ್ತೋ ಅವರ ಹೆಸರಿಗೆ, ಈ ವರ್ಷ ಇನ್ನಾರೋ ತುಂಬಿ ತಂದ ಕಾಫಿ ಸದ್ದಿಲ್ಲದೆ ಸೇರತೊಡಗಿತು. ಹೀಗಾಗುತ್ತಿದೆ ಎಂದು ಫಯಾಜ್‌ಗೂ ಗೊತ್ತಿರಲಿಲ್ಲ.

ಫೆಬ್ರವರಿಯಲ್ಲಿ ಚಂದ್ರಶೇಖರ ಗೌಡರು ಬಂದರು. ಗೋಣಿಬೀಡಿನ ಆಚೆಗೆ ದೊಡ್ಡ ತೋಟ ಅವರದು. ಅವರ ಜೀಪು ಗೇಟಿನೊಳಗೆ ಬಂದ ರೀತಿಯಲ್ಲೇ ಎಲ್ಲರಿಗೂ ಅರ್ಥವಾಯಿತು.

"ನನ್ ಕಾಫಿ ಒದ್ದೆನಾ? ಅಪ್ಪನ ಕಾಲದಿಂದ ಸಿಮೆಂಟ್ ಕಣದಲ್ಲಿ ಗಣಗಣ ಅನ್ನೋ ಹಂಗೆ ಒಣಗಿಸ್ತೀವಿ. ಯಾರ್ದೋ ಹಸಿ ಮಾಲು ನನ್ ಹೆಸರಿಗೆ ಬಿದ್ದಿದೆ. ಯಾರ್ರೀ ಚೀಟಿ ಹಾಕೋರು ಇಲ್ಲಿ?"

ಶಾಂತವೀರಪ್ಪನವರು ಚೀಲಗಳನ್ನು ನೋಡಲಿಲ್ಲ, ಕ್ಯಾಮೆರಾದ ಚಿತ್ರಗಳನ್ನು ನೋಡಲಿಲ್ಲ. ಯಂತ್ರವನ್ನು ತರಿಸಿದ್ದು ಅವರು. ಅದರ ಬಗ್ಗೆ ಮೇಲಿನವರ ಹತ್ತಿರ ಹೊಗಳಿ ಮಾತಾಡಿದ್ದೂ ಅವರೇ. ಚೀಟಿ ಹಾಕುವ ಕೈ ಕಣ್ಣೆದುರಿಗೇ ಇತ್ತು.

"ಬಸಮ್ಮಾ, ಬಾ ಇಲ್ಲಿ."

ಗರ್ರ್ ನಿಂತಿತು. ಬಸಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡು ಬಂದಳು. ಶಾಂತವೀರಪ್ಪನವರು ಪ್ರಿಂಟರಿನಿಂದ ಒಂದು ಚೀಟಿ ಹರಿದು ಅವಳ ಕೈಗೆ ಕೊಟ್ಟರು.

"ಓದು."

ಬಸಮ್ಮ ಚೀಟಿಯನ್ನು ನೋಡಿದಳು. ಆಮೇಲೆ ಅವರ ಮುಖ ನೋಡಿದಳು. ಅವಳಿಗೆ ಇಂಗ್ಲಿಷ್ ಅಕ್ಷರ ಬರುವುದಿಲ್ಲ ಎಂಬುದು ಆ ವರ್ಕ್ಸ್‌ನಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ. ಆ ಕೆಲಸಕ್ಕೆ ಅಕ್ಷರ ಬೇಕಾಗಿಯೂ ಇರಲಿಲ್ಲ. ಚೀಟಿಯೂ ಚೀಲವೂ ಜೊತೆಯಾಗೇ ಬರುತ್ತಿದ್ದವು.

"ಓದಮ್ಮ. ಸಾಹುಕಾರ್ರು ಕಾಯ್ತಿದಾರೆ."

"ನಂಗೆ ಇದು... ಬರಲ್ಲ ಸಾರ್. ನಿಮಗೆ ಗೊತ್ತಲ್ಲ."

"ಚೀಟಿ ತಲೆಕೆಳಗಾಗಿ ಹಿಡಿದಿದೀಯಲ್ಲ, ಅದಾದ್ರೂ ಗೊತ್ತಾ?"

ಅವಳು ಗಾಬರಿಯಾಗಿ ಚೀಟಿಯನ್ನು ತಿರುಗಿಸಿದಳು. ಅದು ಮೊದಲು ಸರಿಯಾಗಿಯೇ ಇತ್ತು, ಈಗ ತಲೆಕೆಳಗಾಯಿತು. ಹಮಾಲಿಗಳ ಕಡೆಯಿಂದ ಒಂದು ನಗು ಎದ್ದಿತು. ಅದರ ಬೆನ್ನಿಗೆ ಇನ್ನೊಂದು. ಆಮೇಲೆ ತೂಕದ ಕಟ್ಟೆ, ಲಾರಿಯವರು, ಎಲ್ಲರೂ. ಅರ್ಚನಾ ಬಾಯಿಗೆ ಸೆರಗು ಒತ್ತಿಕೊಂಡಳು. ಗೌಡರೂ ಕೋಪದ ನಡುವೆಯೇ ನಕ್ಕುಬಿಟ್ಟರು, ಮತ್ತು ಆ ನಗುವಿನಿಂದ ಶಾಂತವೀರಪ್ಪನವರ ಬಿಗಿದಿದ್ದ ಹೆಗಲು ಇಳಿದದ್ದು ಗಾಜಿನಾಚೆ ನಿಂತ ಫಯಾಜ್‌ಗೆ ಕಂಡಿತು.

"ನೋಡಿ ಸಾರ್, ಇಂಥೋರನ್ನ ಕಟ್ಕೊಂಡು ಏಗ್ತಾ ಇದೀನಿ ನಾನು," ಎಂದರು ಅವರು. "ಕಣ್ಣಾದ್ರೂ ಕಾಣ್ತದೇನಮ್ಮ ನಿಂಗೆ? ಇಲ್ಲಾ ಮುಟ್ಟಿ ನೋಡಿ ಹೊಲೀತೀಯಾ?"

ಬಸಮ್ಮ ಏನಾದರೂ ಹೇಳಬಹುದಿತ್ತು. ಇಷ್ಟು ವರ್ಷದಲ್ಲಿ ನನ್ನ ಕೈಯಲ್ಲಿ ಒಂದು ಚೀಟಿ ಅದಲುಬದಲಾಗಿದೆಯಾ ಕೇಳಿ ಎನ್ನಬಹುದಿತ್ತು. ಆದರೆ ಅವಳು ಕ್ಯಾಮೆರಾದ ಕಡೆ ನೋಡಿದಳು. ಅದು ಫಯಾಜ್ ಹೇಳಿಕೊಟ್ಟ ಯಂತ್ರ. ತಪ್ಪಾದರೆ ಕೂಗುವ ಯಂತ್ರ. ಅದು ಕೂಗಿರಲಿಲ್ಲ.

"ಕಣ್ಣು ಮಂಜಾಗಿರಬೌದು ಸಾರ್," ಎಂದಳು. "ತೋರಿಸ್ಕೊಂಡು ಬರ್ತೀನಿ. ತಪ್ಪಾಯ್ತು."

ಕಣ್ಣು ಸರಿಯಿದೆ ಎಂದು ಆಸ್ಪತ್ರೆಯವರು ಹೇಳಿದರೆ ಮೆಷಿನ್ ವಾಪಸ್ ಕೊಡುತ್ತೇನೆ, ಅಲ್ಲಿಯವರೆಗೆ ಹೊಟ್ಟಿನ ಗೋಡೌನಿಗೆ ಹೋಗು ಎಂದರು ಶಾಂತವೀರಪ್ಪ. ಮೆಷಿನ್ನು ಅರ್ಚನಾಳ ಕೈಗೆ ಬಂತು. ಬಸಮ್ಮ ಅವಳ ಹತ್ತಿರ ಹೋಗಿ, ದಾರ ಎಲ್ಲಿ ಸಿಕ್ಕಿಕೊಳ್ಳುತ್ತದೆ, ಆಗ ಯಾವ ತಿರುಪನ್ನು ಸಡಿಲ ಮಾಡಬೇಕು ಎಂದು ತೋರಿಸಿಯೇ ಹೋದಳು.

ಹೊಟ್ಟಿನ ಗೋಡೌನಿನಲ್ಲಿ ಕಾಫಿಯ ಒಣ ಸಿಪ್ಪೆ ಬೆಟ್ಟದಂತೆ ಬಿದ್ದಿರುತ್ತದೆ. ಅದನ್ನು ಮಂಕರಿಯಲ್ಲಿ ತುಂಬಿ ಒಲೆಯ ಮನೆಗೆ ಸಾಗಿಸಬೇಕು. ಮಾತಾಡಿದರೆ ಬಾಯೊಳಗೆ ಹೊಟ್ಟು. ಬಸಮ್ಮ ಮೂಗಿಗೆ ಸೆರಗು ಕಟ್ಟಿಕೊಂಡಳು. ಅಂದಿನಿಂದ ಫಯಾಜ್‌ನ ಕಿವಿಗೆ ಗರ್ರ್ ಸದ್ದು ನಡುನಡುವೆ ತೊದಲಿಕೊಂಡು ಬೀಳತೊಡಗಿತು.

ಅವಳು ರಜೆ ಹಾಕಿ ಕಣ್ಣಾಸ್ಪತ್ರೆಗೆ ಹೋದ ದಿನ ಮಧ್ಯಾಹ್ನ ಬೆಲ್ಟು ಊಟಕ್ಕೆ ನಿಂತಿತ್ತು. ರೊಟ್ಟಿ ಕೊಡುವವರಿಲ್ಲದೆ ಫಯಾಜ್ ಗಾಜಿನ ಕೋಣೆಯಲ್ಲೇ ಕೂತು, ಗೌಡರ ಹೆಸರಿಗೆ ಬಿದ್ದ ಒದ್ದೆ ಚೀಲಗಳ ಚಿತ್ರಗಳನ್ನು ಒಂದೊಂದಾಗಿ ತೆರೆದ. ಯಾಕೆ ತೆರೆದನೋ ಅವನಿಗೇ ಸ್ಪಷ್ಟವಿರಲಿಲ್ಲ. ಮೊದಲ ಚಿತ್ರದಲ್ಲಿ ಚೀಲದ ತಳದ ಮೂಲೆ. ಅಲ್ಲಿ ಅಂಚು ನವೆದ ಹಳೇ ಚೀಟಿ. ಅದರ ಸುತ್ತ ಯಂತ್ರ ಎಳೆದ ಹಸಿರು ಚೌಕ, ಇದನ್ನು ಓದಿದೆ ಎಂಬ ಗುರುತು. ಅದೇ ಚಿತ್ರದ ಇನ್ನೊಂದು ತುದಿಯಲ್ಲಿ, ಚೀಲದ ಬಾಯಲ್ಲಿ, ಈ ವರ್ಷದ ಚೀಟಿ. ಸರಿಯಾದ ಚೀಟಿ. ಗೆರೆ ಹೊಡೆದಷ್ಟು ನೆಟ್ಟಗೆ ಹೊಲಿದದ್ದು. ಅದರ ಸುತ್ತ ಚೌಕವಿರಲಿಲ್ಲ. ಅದನ್ನು ಯಂತ್ರ ನೋಡಿಯೇ ಇರಲಿಲ್ಲ.

ಎರಡನೆಯದೂ ಹಾಗೆಯೇ. ಅದರ ಮುಂದಿನದೂ. ತಳದ ಚೀಟಿಗಳನ್ನು ಹೋದ ವರ್ಷ ಹೊಲಿದವಳೂ ಬಸಮ್ಮನೇ. ಹೋದ ವರ್ಷದ ಬಸಮ್ಮ ಬಂದು ಈ ವರ್ಷದ ಬಸಮ್ಮನ ಮೇಲೆ ಸಾಕ್ಷಿ ನುಡಿದಿದ್ದಳು, ಮತ್ತು ಆ ಸಾಕ್ಷಿಯನ್ನು ಕಟಕಟೆಗೆ ಕರೆತಂದವನು ಫಯಾಜ್.

ಅವನು ಆ ಸಾಲನ್ನು ತೆರೆದ. ಪ್ರಶ್ನಾರ್ಥಕ ಚಿಹ್ನೆಯನ್ನು ಅಳಿಸಲು ಒಂದು ಬೆರಳು ಸಾಕಾಯಿತು.

ಶಾಂತವೀರಪ್ಪನವರ ಕೋಣೆಗೆ ಅವನು ಹೋದದ್ದು ಆ ಸಂಜೆಯೇ. ಚಿತ್ರಗಳನ್ನು ಫೋನಿನಲ್ಲಿ ತೋರಿಸಿದ. ಅವರು ತಾಳ್ಮೆಯಿಂದ ನೋಡಿದರು. ಅರ್ಥವಾಗಲಿಲ್ಲ ಎನ್ನುವಂತಿರಲಿಲ್ಲ, ಪೂರ್ತಿ ಅರ್ಥವಾಯಿತು.

"ಈಗ ಸರಿ ಮಾಡಿದ್ಯಾ?"

"ಮಾಡಿದೆ ಸಾರ್. ಬಸಮ್ಮಕ್ಕಂದು ತಪ್ಪಿಲ್ಲ ಅಂತ..."

"ಕೂತ್ಕೊ. ನಿನ್ ಮಿಷಿನ್ ತಪ್ಪು ಓದ್ತು ಅಂದ್ರೆ, ಜನವರಿಯಿಂದ ಇಲ್ಲೀವರೆಗೆ ಹೋದ ಮಾಲೆಲ್ಲ ಯಾರ್ದು? ಅರ್ಧ ಆಗ್ಲೇ ಮಂಗಳೂರು ಮುಟ್ಟಿದೆ. ಎಲ್ಲ ಬೆಳೆಗಾರರೂ ಗೇಟಿಗೆ ಬರ್ತಾರೆ. ಮೇಲಿನೋರು ಮೊದಲು ಕೇಳೋದು, ಆ ಸಾಲು ಬರೆದೋನು ಯಾರು ಅಂತ. ನಾನು ಯಾರ ಹೆಸರು ಹೇಳ್ಲಿ?"

ಫಯಾಜ್ ಫೋನನ್ನು ಮತ್ತೆ ಅವರ ಕಡೆ ಚಾಚಿದ.

"ನೀವು ಹೇಳಿದ್ದಕ್ಕೆ ಮಾಡಿದ್ದು ಅಂತೀಯಾ? ನಾನು ಹೇಳಿದ್ದು ಬಜರ್ ನಿಲ್ಸು ಅಂತ. ಪ್ರಶ್ನೆ ಗುರುತು ಹಾಕು ಅಂದ್ನಾ?" ಅವರ ದನಿ ಒಂದಿಷ್ಟೂ ಏರಿರಲಿಲ್ಲ. "ಆ ಯಮ್ಮಂಗೆ ಕೆಲಸ ಹೋಗಿಲ್ವಲ್ಲ ಮಾರಾಯ. ಹೊಟ್ಟು ತುಂಬ್ತಾಳೆ. ನಿಂಗೆ ಹೋದ್ರೆ ನೀನೆಂತ ತುಂಬ್ತೀಯ? ನಿನ್ ಹೆಂಡ್ತಿಗೆ ಈಗ ಎಷ್ಟು ತಿಂಗಳು?"

ಫಯಾಜ್ ಫೋನನ್ನು ಜೇಬಿಗೆ ಇಳಿಸಿದ.

ಮರುದಿನ ಬಸಮ್ಮ ಬಂದಳು, ಮುಖದ ತುಂಬ ಬೆಳಕು ಹೊತ್ತುಕೊಂಡು. ಕಣ್ಣಿಗೆ ಏನೂ ಆಗಿಲ್ಲವಂತೆ, ಸೂಜಿಗೆ ದಾರ ಪೋಣಿಸಬಹುದಂತೆ. ಅಂಗಳದಲ್ಲೇ ನಿಂತು, ಎಲ್ಲರಿಗೂ ಕೇಳುವ ಹಾಗೆ ಶಾಂತವೀರಪ್ಪನವರಿಗೆ ಹೇಳಿದಳು. ಅವರು ಫಯಾಜ್‌ನ ಗಾಜಿನ ಕಡೆ ಒಮ್ಮೆ ನೋಡಿದರು.

"ಒಳ್ಳೇದಾಯ್ತಮ್ಮ. ಆದ್ರೆ ನೋಡು, ನೀನು ಮೆಷಿನ್ ಬಿಟ್ಟ ಮೇಲೆ, ನಿನ್ನೆ ಮಧ್ಯಾಹ್ನದಿಂದ ಈಚೆಗೆ ಒಂದು ತಪ್ಪೂ ಬಂದಿಲ್ಲ. ಕೇಳು ಫಯಾಜ್‌ನ. ಬಂದಿದೆಯೇನೋ ಫಯಾಜ್?"

ಅದು ನಿಜವಾಗಿತ್ತು. ಫಯಾಜ್ ಬಾಗಿಲಲ್ಲಿ ನಿಂತಿದ್ದ. ಎಲ್ಲರೂ ಅವನ ಕಡೆ ತಿರುಗಿದ್ದರು, ಬಸಮ್ಮನೂ.

"ಇಲ್ಲ ಸಾರ್," ಎಂದ.

"ನೋಡ್ದಾ? ಕಣ್ಣು ಸರಿ ಇದ್ರೆ ತಲೆ ಸರಿ ಇಲ್ಲ ಅಂತಾಯ್ತು. ವಯಸ್ಸಾಯ್ತಲ್ಲ, ಬಿಡು. ಹೊಟ್ಟಿಗೆ ಚೀಟಿ ಹಾಕೋದು ಬೇಕಾಗಿಲ್ಲ."

ಮತ್ತೆ ನಗು. ಈ ಸಲ ಸಣ್ಣದು, ಅಭ್ಯಾಸವಾದದ್ದು. ಬಸಮ್ಮ ಫಯಾಜ್‌ನನ್ನು ನೋಡುತ್ತಲೇ ಇದ್ದಳು. ಅವಳ ನೋಟದಲ್ಲಿ ದೂರು ಇರಲಿಲ್ಲ. ಅವನು ಇಲ್ಲ ಎಂದರೆ ಇಲ್ಲವೇ ಸರಿ. ಅವಳು ಹೌದೆಂಬಂತೆ ತಲೆಯಾಡಿಸಿ ಗೋಡೌನಿನ ಕಡೆ ನಡೆದಳು.

ಅಲ್ಲಿಂದ ಮುಂದೆ ಅವಳು ನಿಜಕ್ಕೂ ತಪ್ಪು ಮಾಡತೊಡಗಿದಳು. ತುಂಬಿದ ಮಂಕರಿಯನ್ನು ಮತ್ತೆ ಹೊಟ್ಟಿನ ರಾಶಿಗೇ ಸುರಿಯುವಳು. ಬುತ್ತಿ ಎಲ್ಲಿಟ್ಟೆ ಎಂದು ಕೈಯಲ್ಲೇ ಹಿಡಿದುಕೊಂಡು ಹುಡುಕುವಳು. ತಲೆ ಸರಿ ಇಲ್ಲ ಎಂದವರು ಅದನ್ನು ನೋಡಿ ಒಬ್ಬರಿಗೊಬ್ಬರು ಕಣ್ಸನ್ನೆ ಮಾಡಿದರು. ಸುದ್ದಿ ಉಪ್ಪಳ್ಳಿಗೂ ಮುಟ್ಟಿತು. ಜಗಲಿಯ ಮೇಲಿನ ಮಂಜಯ್ಯ ಊಟಕ್ಕೆ ಕೂತಾಗಲೆಲ್ಲ, "ಎಂತ ಹಾಕಿದೀಯೇ, ಉಪ್ಪೋ ಸೋಡಾನೋ, ನೋಡಿ ಹಾಕಿದ್ಯಾ?" ಎಂದು ಕೇಳತೊಡಗಿದ. ಅವಳು ಅದನ್ನು ಅರ್ಚನಾಳಿಗೆ ಹೇಳಿ ನಕ್ಕಳಂತೆ. ಅಕ್ಕಿ ಆರಿಸುವುದನ್ನು ಮಾತ್ರ ಪಕ್ಕದ ಮನೆಯವರಿಗೆ ಒಪ್ಪಿಸಿದಳಂತೆ, ಕಲ್ಲು ಉಳಿದು ಗಂಡನ ಹಲ್ಲಿಗೆ ಸಿಕ್ಕೀತು ಎಂದು. ಒಂದು ಕಾಲಕ್ಕೆ ಆರಿಸುವ ಹಾಲ್‌ನಲ್ಲಿ ಕಪ್ಪು ಬೀಜ ಅವಳ ಬೆರಳಿಗೆ ತಾನಾಗಿ ಬಂದು ಹತ್ತುತ್ತದೆ ಎಂದು ಹೆಂಗಸರು ಹೇಳುತ್ತಿದ್ದರು.

ಅರ್ಚನಾ ಇದನ್ನೆಲ್ಲ ಹೇಳುವಾಗ ಫಯಾಜ್ ಪರದೆಯಿಂದ ಕಣ್ಣು ಕೀಳಲಿಲ್ಲ. ಮನೆಗೆ ಹೋಗಲು ಅವನು ಹಿಂದಿನ ಗೇಟನ್ನು ಬಳಸತೊಡಗಿದ್ದ. ಮುಂದಿನ ಗೇಟಿನ ದಾರಿ ಹೊಟ್ಟಿನ ಗೋಡೌನಿನ ಪಕ್ಕದಲ್ಲೇ ಹಾದುಹೋಗುತ್ತದೆ.

ಮಾರ್ಚಿನಲ್ಲಿ ಹೂಮಳೆ ಬಿತ್ತು. ಆಮೇಲಿನ ದಿನಗಳಲ್ಲಿ ಸುತ್ತಲಿನ ಗುಡ್ಡಗಳೆಲ್ಲ ಬೆಳ್ಳಗಾಗಿ, ಕಾಫಿ ಹೂವಿನ ಪರಿಮಳ ಊರೊಳಗಿನ ಬಸ್ಸುಗಳಿಗೂ ನುಗ್ಗಿತು. ಅಂಥ ಒಂದು ಸಂಜೆ, ಕೆಲಸ ಬಿಡುವ ಹೊತ್ತಿಗೆ, ಹಿಂದಿನ ಗೇಟಿನ ಹತ್ತಿರ ಬಸಮ್ಮ ನಿಂತಿದ್ದಳು. ಕೂದಲ ಮೇಲೆ, ರೆಪ್ಪೆಯ ಮೇಲೆ ಹೊಟ್ಟಿನ ಪುಡಿ.

"ನಿನ್ನೇ ಕಾಯ್ತಿದ್ದೆ ಫಯಾಜು. ಈ ಕಡೆಯಿಂದ ಹೋಗ್ತಿದೀಯಂತೆ, ಅರ್ಚನಾ ಹೇಳಿದ್ಲು. ಬುತ್ತಿಗೆ ಬರೋದೂ ಬಿಟ್ಟೆಯಲ್ಲೋ. ನನ್ ರೊಟ್ಟಿಲೂ ಹೊಟ್ಟು ಇರ್ತದೆ ಅಂತನಾ?"

"ಇಲ್ಲ ಬಸಮ್ಮಕ್ಕ, ಕೆಲಸ..."

"ಇರ್ಲಿ ಇರ್ಲಿ. ಇದು ನೋಡು."

ಸೆರಗಿನ ಗಂಟು ಬಿಚ್ಚಿ ಅವಳು ಒಂದು ಚೀಟಿ ತೆಗೆದಳು. ಶಾಯಿ ಸರಿಯಾಗಿ ಬೀಳದೆ ಎಸೆದದ್ದು, ಮಡಿಕೆಗಳಲ್ಲಿ ಸವೆದಿತ್ತು. ಅದನ್ನು ಮುಖದ ಹತ್ತಿರ ಹಿಡಿದು, ದೂರ ಹಿಡಿದು, ಮತ್ತೆ ಹತ್ತಿರ ತಂದಳು. ಬೆರಳನ್ನು ಮೊದಲ ಅಕ್ಷರದ ಕೆಳಗಿಟ್ಟಳು.

"ಜಿ," ಎಂದಳು. ಬೆರಳು ಸರಿಸಿದಳು. "ಬಿ. ಅಂದ್ರೆ ಗೋಣಿಬೀಡು. ಸರೀನಾ? ಇದು ಎರಡು. ಇದು... ತಡಿ, ಹೇಳ್ಬೇಡ. ಐದು." ಒಂದೊಂದು ಅಂಕೆಗೂ ನಿಂತು, ಉಗುಳು ನುಂಗಿ, ಕೊನೆಯ ಅಂಕೆಯವರೆಗೆ ಓದಿದಳು. ಒಂದೂ ತಪ್ಪಿರಲಿಲ್ಲ. "ಅರ್ಚನಾನೇ ಹೇಳಿಕೊಟ್ಟಿದ್ದು. ಪಾಪ, ಊಟದ ಹೊತ್ತಲ್ಲಿ ಬರ್ತಾಳೆ. ಆಲ್ದೂರಿಂದೂ ಓದಕ್ಕೆ ಬರ್ತದೆ, ಕಳಸದ್ದೂ ಬರ್ತದೆ. ಈಗ ಸಾರ್ ಮುಂದೆ ನಿಂತು ಎಲ್ಲರ ಎದುರಿಗೆ ಓದಿಬಿಟ್ರೆ ಮೆಷಿನ್ ವಾಪಸ್ ಕೊಡ್ತಾರಲ್ವಾ? ನೀನೊಂದು ಮಾತು ಹೇಳಿದ್ರೆ ಇನ್ನೂ ಆಗ್ತದೆ. ನಿನ್ ಮಾತು ಕೇಳ್ತಾರೆ ಅವ್ರು. ಓದಿ ಓದಿ ಹೊಲೀತೀನಿ ಮಾರಾಯ, ಇನ್ನು ತಪ್ಪಾಗಲ್ಲ."

ಫಯಾಜ್ ಆ ಚೀಟಿಯನ್ನು ನೋಡಿದ. ಅದರ ಮೇಲೆ ಅವಳ ಬೆರಳು ಇನ್ನೂ ಕೊನೆಯ ಅಂಕೆಯ ಕೆಳಗೇ ಇತ್ತು, ಎತ್ತಿದರೆ ಅಂಕೆ ಹಾರಿಹೋದೀತು ಎಂಬಂತೆ.

"ಬಸಮ್ಮಕ್ಕ, ತಪ್ಪು ಆಗೇ ಇರ್ಲಿಲ್ಲ."

"ಎಂತ?"

"ನೀವು ಹಾಕಿದ ಚೀಟಿ ಎಲ್ಲ ಸರಿ ಇದ್ವು. ಕ್ಯಾಮೆರಾ ಅದನ್ನ ಓದ್ಲಿಲ್ಲ. ಚೀಲದ ತಳದಲ್ಲಿ ಹೋದ ವರ್ಷದ ಚೀಟಿ ಇರ್ತದಲ್ಲ, ಅದನ್ನ ಓದ್ತು. ಹಳೇದನ್ನೂ ಒಳಗೆ ಬಿಡು ಅಂತ ನಾನೇ ಹೇಳಿಕೊಟ್ಟಿದ್ದೆ. ಅವತ್ತು ಬಜರ್ ಹೊಡೀತಿತ್ತಲ್ಲ, ಆ ಸಂಜೆ. ಆಮೇಲೆ ಅದನ್ನ ತೆಗೆಯೋಕೆ ಮರೆತೆ."

ಬಸಮ್ಮ ಚೀಟಿಯ ಮೇಲಿನ ಬೆರಳನ್ನು ಎತ್ತಿದಳು. ಹೊರಗೆ ರಸ್ತೆಯಲ್ಲಿ ಆಟೋ ಒಂದು ಹಾರ್ನ್ ಮಾಡುತ್ತ ಹೋಯಿತು.

"ಅಂದ್ರೆ ನನ್ ಕಣ್ಣು..."

"ಸರಿ ಇದೆ."

"ತಲೆ?"

"ಬಸಮ್ಮಕ್ಕ, ನಿಮ್ದು ಎಂತದೂ ತಪ್ಪಿಲ್ಲ."

ಅವಳ ಮುಖ ಒಂದು ಕ್ಷಣ ಸಡಿಲವಾಯಿತು. ಅದರ ಮೇಲೆ ಹಳೆಯ ನಗುವಿನ ಹಾಗೆ ಏನೋ ಹಾದುಹೋಯಿತು, ದೂರದಿಂದ ಲೋಟ ಎತ್ತಿ ತೋರಿಸಿದ ಬಸಮ್ಮನದು. ಆಮೇಲೆ ಅದು ಅಲ್ಲೇ ನಿಂತುಬಿಟ್ಟಿತು.

"ಯಾವಾಗ ಗೊತ್ತಾಯ್ತು ನಿಂಗೆ?"

ಸುಳ್ಳು ಹೇಳಬಹುದಿತ್ತು. ಇವತ್ತು ಎನ್ನಬಹುದಿತ್ತು.

"ನೀವು ಕಣ್ಣಾಸ್ಪತ್ರೆಗೆ ಹೋಗಿದ್ರಲ್ಲ," ಎಂದ ಫಯಾಜ್, "ಅವತ್ತು."

ಬಸಮ್ಮ ಅವನನ್ನು ನೋಡಿದಳು. ಮರುದಿನದ ಅಂಗಳ, ಗಾಜಿನ ಬಾಗಿಲು, ಅವನು ಹೇಳಿದ ಇಲ್ಲ ಸಾರ್, ಎಲ್ಲವೂ ಅವಳಿಗೆ ಈಗ ಒಂದರ ಹಿಂದೆ ಒಂದು ನೆನಪಾಗುತ್ತಿದೆಯೆಂದು ಅವನಿಗೆ ಕಾಣುತ್ತಿತ್ತು.

"ಅವತ್ತಿಂದ ನಾನು ಅಕ್ಕಿ ಆರ್ಸಿಲ್ಲ," ಎಂದಳು ಮೆಲ್ಲಗೆ, ಅವನಿಗಲ್ಲದೆ ಇನ್ನಾರಿಗೋ ಹೇಳುವ ಹಾಗೆ.

"ನಾನು ಸಾರ್ ಹತ್ರ ಹೋಗಿದ್ದೆ ಬಸಮ್ಮಕ್ಕ, ಅವತ್ತೇ ಹೋಗಿದ್ದೆ. ಅವ್ರು ಒಪ್ಪಲಿಲ್ಲ. ನನ್ ಕೆಲಸನೇ ಹೋಗ್ತದೆ ಅಂದ್ರು. ಅಫ್ರೀನ್‌ಗೆ ಈಗ ತಿಂಗಳು ತುಂಬ್ತಾ ಇದೆ, ನಾನು ಎಂತ ಮಾಡ್ಲಿ ಹೇಳಿ. ಆದ್ರೆ ಈಗ..."

ಬಸಮ್ಮ ಚೀಟಿಯನ್ನು ಅದರ ಹಳೆಯ ಮಡಿಕೆಗಳಲ್ಲೇ ಮಡಿಸಿದಳು. ಅವನ ಅಂಗಿಯ ಜೇಬಿಗೆ ಅದನ್ನು ಇಳಿಸಿ, ಚೀಲದ ಬಾಯಿ ಒತ್ತುವಂತೆ ಜೇಬಿನ ಅಂಚನ್ನು ಬೆರಳಲ್ಲಿ ಒತ್ತಿ ಬಿಟ್ಟಳು.

"ಈಗ ಸೀಸನ್ ಮುಗೀತಾ ಬಂತಲ್ಲ," ಎನ್ನುತ್ತಿದ್ದ ಫಯಾಜ್, "ಮುಂದಿನ ವಾರ ಮೇಲಿನೋರು ಬರ್ತಾರೆ, ಆಗ ನಾನೇ ನಿಂತು ಹೇಳ್ತೀನಿ, ಚಿತ್ರ ಎಲ್ಲ ಇಟ್ಕೊಂಡಿದೀನಿ, ನೀವು ಬೇಕಾದ್ರೆ ಎದುರಿಗೇ ಇರಿ, ನಾನು..."

ಅವಳು ಆಗಲೇ ಬೆನ್ನು ತಿರುಗಿಸಿ ನಡೆಯುತ್ತಿದ್ದಳು. ಸೆರಗು ಕೊಡವಿದಾಗ ಹೊಟ್ಟಿನ ಪುಡಿ ಸಂಜೆಯ ಬಿಸಿಲಿನಲ್ಲಿ ಮೇಲೆದ್ದು ಅವಳ ಹಿಂದೆಯೇ ತೇಲಿತು. ಫಯಾಜ್ ಮಾತು ನಿಲ್ಲಿಸಲಿಲ್ಲ. ಅವನ ದನಿ ಏರುತ್ತ ಹೋಯಿತು. ಬಸಮ್ಮ ಗೇಟು ದಾಟಿ, ರಸ್ತೆಯ ಎರಡೂ ಕಡೆ ನೋಡಿ, ಉಪ್ಪಳ್ಳಿಯ ದಾರಿ ಹಿಡಿದಳು.